ನೂರರ ಹೊಸ್ತಿಲಲ್ಲಿ ಅಂಚೆಚೀಟಿ ಏರಿದ ಸರ್ ಎಂ.ವಿ.

ಅಂಚೆಚೀಟಿಯಲ್ಲಿ ಮುಖ ಮೂಡಬೇಕಾದರೆ ಮನುಷ್ಯ ಸಾಮಾನ್ಯವಾಗಿ ಈ ಲೋಕ ಬಿಟ್ಟಿರಬೇಕು. ಭಾರತೀಯ ಅಂಚೆ ಇಲಾಖೆ ನಡೆಸಿಕೊಂಡು ಬಂದ ರೂಢಿ ಅದು. ಆ ರೂಢಿಗೆ ಮೊದಲ ಅಪವಾದ ಮಹರ್ಷಿ ಧೋಂಡೋ ಕೇಶವ ಕರ್ವೆ. ಮಹಿಳಾ ಶಿಕ್ಷಣಕ್ಕೆ ಬಾಳನ್ನೇ ಸವೆಸಿದ ಅವರಿಗೆ ನೂರು ತುಂಬಿದ 1958ರಲ್ಲಿ ಅಂಚೆಚೀಟಿ ಬಂದಿತು. ಎರಡು ವರ್ಷಗಳ ನಂತರ, 1960ರ ಸೆಪ್ಟೆಂಬರ್ 15ರಂದು, ಅದೇ ಗೌರವ ಕನ್ನಡ ನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಸಂದಿತು. ಅದರ ಬೆಲೆ ಹದಿನೈದು ನಯಾಪೈಸೆ. ಆ ವರ್ಷಗಳಲ್ಲಿ ಸ್ಮಾರಕ ಅಂಚೆಚೀಟಿಗಳು ಬಹುಪಾಲು ಇದೇ ಬೆಲೆಯಲ್ಲಿ ಬರುತ್ತಿದ್ದವು. ಬೆಂಗಳೂರಿನಲ್ಲಿ ಬದುಕಿದ್ದ ವೃದ್ಧರೊಬ್ಬರ ಭಾವಚಿತ್ರ ಹೊತ್ತ ಲಕೋಟೆಗಳು ದೇಶದ ಮೂಲೆಮೂಲೆಗಳಿಗೆ ಹೊರಟವು.

ಕನ್ನಡ ನಾಡಿನ ಮಹನೀಯರ ಅಂಚೆಚೀಟಿಗಳ ಸಾಲು ಆ ಬಳಿಕ ಬೆಳೆಯುತ್ತಲೇ ಹೋಯಿತು. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವಣ್ಣನವರು, 1977ರಲ್ಲಿ ಕಿತ್ತೂರು ಚೆನ್ನಮ್ಮ, 2009ರಲ್ಲಿ ಡಾ. ರಾಜ್‌ಕುಮಾರ್ ಅಂಚೆಚೀಟಿಯಲ್ಲಿ ಕಾಣಿಸಿಕೊಂಡರು. ಭಕ್ತಿ, ಕ್ರಾಂತಿ, ಶೌರ್ಯ, ಕಲೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಆದರೆ ಕಲ್ಲು, ಗಾರೆ, ನೀರು, ಲೆಕ್ಕಪತ್ರಗಳ ನಡುವೆಯೇ ಆಯುಷ್ಯ ಕಳೆದ ವ್ಯಕ್ತಿಯೊಬ್ಬರು, ಅದೂ ಬದುಕಿರುವಾಗಲೇ, ಆ ಸಾಲಿಗೆ ಸೇರಿದ್ದು ಅಪರೂಪದ ಸಂಗತಿ. ಹೊಸ ಅಂಚೆಚೀಟಿ ಬಿಡುಗಡೆಯಾದಾಗಲೆಲ್ಲ ಯಾರನ್ನು ನೆನೆಯಬೇಕು, ಏಕೆ ನೆನೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ವಿಶ್ವೇಶ್ವರಯ್ಯನವರ ಬದುಕು ಆ ಪ್ರಶ್ನೆಗೆ ಕೊಡುವ ಉತ್ತರ ಪಠ್ಯಪುಸ್ತಕದ ಪಾಠದಷ್ಟು ಸರಳವಾಗಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಯವರೆಗೆ

ವಿಶ್ವೇಶ್ವರಯ್ಯನವರ ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ಅಂದು ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಜನ್ಮದಿನ 1861ರ ಸೆಪ್ಟೆಂಬರ್ 15 ಎಂಬುದು ಹೆಚ್ಚಿನ ಕಡೆ ಕಾಣುವ ದಾಖಲೆ. 1860 ಎಂದು ಹೇಳುವವರೂ ಇದ್ದಾರೆ. ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ವಲಸೆ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಆಯುರ್ವೇದ ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಕೊರತೆಯಿತ್ತು. ಮಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಆರಂಭಿಕ ಶಿಕ್ಷಣ ಮುಗಿಸಿದ ಹುಡುಗ ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದ. ಸ್ಥಿತಿವಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ಖರ್ಚಿಗೆ ದಾರಿ ಮಾಡಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ. ಮುಂದಿನ ದಾರಿ ತೆರೆದದ್ದು ಮೈಸೂರು ಸರ್ಕಾರದ ನೆರವು. ಅದರ ಬಲದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ. ಮರುವರ್ಷವೇ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು. ಸರ್ಕಾರದ ನೆರವಿನಿಂದ ಓದಿದ ಬಡ ವಿದ್ಯಾರ್ಥಿ ಮುಂದೆ ಅದೇ ಸರ್ಕಾರದ ಚುಕ್ಕಾಣಿ ಹಿಡಿದಾಗ ಶಿಕ್ಷಣಕ್ಕೆ ಅಷ್ಟು ಒತ್ತು ಕೊಟ್ಟದ್ದು ಆಕಸ್ಮಿಕವಲ್ಲ.

ನೀರಿನ ನಡೆ ಅರಿತವರು

ಮುಂಬೈ ಪ್ರಾಂತದಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷ ವಿಶ್ವೇಶ್ವರಯ್ಯನವರ ಪಾಲಿಗೆ ನಿಜವಾದ ಪಾಠಶಾಲೆ. ನಾಸಿಕ್, ಧುಳೆ, ಸೂರತ್, ಪುಣೆ ಹೀಗೆ ಊರೂರು ಸುತ್ತಿ ಅವರು ನೀರಿನ ಸ್ವಭಾವ ಅರಿತರು. ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಒದಗಿಸುವ ಹೊಣೆ 1890ರ ದಶಕದಲ್ಲಿ ಅವರ ಮೇಲೆ ಬಿತ್ತು. ಸಿಂಧೂ ನದಿಯ ನೀರು ಕೆಸರುಮಯ. ಅದನ್ನು ಸೋಸುವ ದೊಡ್ಡ ವ್ಯವಸ್ಥೆಗೆ ಪುರಸಭೆಯ ಬಳಿ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ತಿಳಿಯಾದ ನೀರನ್ನು ಎತ್ತುವ ಉಪಾಯವನ್ನು ಅವರು ಕಂಡುಕೊಂಡರು. ಸೋಸುವ ಕೆಲಸವನ್ನು ನದಿಯ ಮರಳಿಗೇ ಒಪ್ಪಿಸಿದಂತಾಯಿತು.

ಪುಣೆಯಲ್ಲಿದ್ದಾಗ ಅವರು ಕಂಡದ್ದು ಬೇರೊಂದು ಸಮಸ್ಯೆ. ಕಾಲುವೆಯ ತಲೆಭಾಗದ ರೈತರು ಕಬ್ಬಿಗೆ ಮನಬಂದಂತೆ ನೀರು ಹರಿಸುತ್ತಿದ್ದರು. ಅವರ ಭೂಮಿ ಜೌಗು ಹಿಡಿಯುತ್ತಿತ್ತು, ಕೆಳಗಿನ ಹಳ್ಳಿಗಳಿಗೆ ಹನಿ ನೀರು ತಲುಪುತ್ತಿರಲಿಲ್ಲ. 1899ರಲ್ಲಿ ಅವರು ಬ್ಲಾಕ್ ಪದ್ಧತಿ ಸೂಚಿಸಿದರು. ಅದರಂತೆ ಹೊಲಗಳನ್ನು ಗುಂಪುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೆಳೆ ಬದಲಿಸಿ, ಹೆಚ್ಚು ನೀರು ಕೇಳುವ ಬೆಳೆ ಒಂದು ಭಾಗಕ್ಕೆ ಮಾತ್ರ ಸೀಮಿತವಾಗುವಂತೆ ಮಾಡಬೇಕು. ಆಗ ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಸಲ್ಲುತ್ತದೆ, ಮಣ್ಣಿಗೂ ವಿಶ್ರಾಂತಿ ಸಿಗುತ್ತದೆ. ನೀರು ಇದ್ದವನ ಸೊತ್ತಲ್ಲ, ಹಂಚಿಕೊಳ್ಳಬೇಕಾದ ಸಂಪತ್ತು ಎಂಬ ತತ್ತ್ವ ಆ ಪದ್ಧತಿಯ ಒಳಗಿತ್ತು. ನೀರು ಬಿಟ್ಟುಕೊಡಬೇಕಾದ ರೈತರಿಂದ ವಿರೋಧ ಬಂದದ್ದೂ ಸಹಜವೇ.

ಅವರ ಹೆಸರನ್ನು ಎಂಜಿನಿಯರಿಂಗ್ ಲೋಕದಲ್ಲಿ ನೆಲೆಗೊಳಿಸಿದ್ದು ಸ್ವಯಂಚಾಲಿತ ಪ್ರವಾಹ ದ್ವಾರಗಳು. ಪುಣೆಗೆ ನೀರುಣಿಸುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ ಕಾಡುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸಲು ಅಪಾರ ವೆಚ್ಚ ಬೇಕು. ಅದರ ಬದಲು ಕೋಡಿಯ ಮೇಲೆ ಬಾಗಿಲುಗಳನ್ನು ಕೂರಿಸುವುದು ಅವರ ಯೋಚನೆ. ನೀರು ನಿಗದಿತ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಮಟ್ಟ ಮೀರಿದೊಡನೆ ನೀರಿನ ಬಲದಿಂದಲೇ ತೆರೆದುಕೊಂಡು ಪ್ರವಾಹವನ್ನು ಹೊರಬಿಡುತ್ತದೆ. ನೀರು ಇಳಿದಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರ ಓಡಿಬಂದು ಬಾಗಿಲು ಎತ್ತಬೇಕಿಲ್ಲ. 1903ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಇದೇ ಬಗೆಯ ದ್ವಾರಗಳು ಬಂದವು.

1906ರಲ್ಲಿ ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿನ ನೀರು ಮತ್ತು ಒಳಚರಂಡಿ ಯೋಜನೆಗೆ ಸಲಹೆ ನೀಡಲು ಸರ್ಕಾರ ಅವರನ್ನು ಕಳುಹಿಸಿತು. ಇಷ್ಟೆಲ್ಲ ಕೀರ್ತಿಯಿದ್ದರೂ ಮುಂಬೈ ಪ್ರಾಂತದಲ್ಲಿ ಮುಖ್ಯ ಎಂಜಿನಿಯರ್ ಸ್ಥಾನ ಭಾರತೀಯನೊಬ್ಬನಿಗೆ ದಕ್ಕುವ ಕಾಲ ಅದಾಗಿರಲಿಲ್ಲ. 1908ರಲ್ಲಿ ಅವರು ಸ್ವಯಂ ನಿವೃತ್ತಿ ಪಡೆದು ವಿದೇಶ ಪ್ರವಾಸ ಹೊರಟರು.

ಮೂಸಿ ನದಿಯ ಮುನಿಸು

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಮುಳುಗಿಸಿತು. ಸಾವಿರಾರು ಜನ ಕೊಚ್ಚಿಹೋದರು. ನಗರವನ್ನು ಮತ್ತೊಂದು ಅನಾಹುತದಿಂದ ಕಾಪಾಡುವ ದಾರಿ ಹುಡುಕಲು ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ನಗರದೊಳಗೆ ಗೋಡೆ ಕಟ್ಟಿದರೆ ಸಾಲದು, ಪ್ರವಾಹವನ್ನು ನಗರಕ್ಕೆ ಬರುವ ಮೊದಲೇ ಹಿಡಿದು ನಿಲ್ಲಿಸಬೇಕು ಎಂಬ ನಿಲುವಿಗೆ ಅವರು ಬಂದರು. ಮೂಸಿ ಮತ್ತು ಅದರ ಉಪನದಿ ಈಸಿಗೆ ಮೇಲ್ಭಾಗದಲ್ಲಿ ಜಲಾಶಯ ಕಟ್ಟುವ ಯೋಜನೆ ಸಿದ್ಧವಾಯಿತು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಪ್ರವಾಹ ತಡೆಯಲೆಂದು ಕಟ್ಟಿದ ಕೆರೆಗಳೇ ಹೈದರಾಬಾದಿಗೆ ದಶಕಗಳ ಕಾಲ ಕುಡಿಯುವ ನೀರನ್ನೂ ಒದಗಿಸಿದವು.

ಕನ್ನಂಬಾಡಿಯ ಕಟ್ಟೆ

ಹೈದರಾಬಾದಿನ ಕೆಲಸ ನಡೆಯುತ್ತಿದ್ದಾಗಲೇ ಮೈಸೂರಿನ ಕರೆ ಬಂದಿತು. 1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಇಪ್ಪತ್ತೈದರ ಯುವಕ. ಅರಸರ ಹಂಬಲವೂ ಎಂಜಿನಿಯರನ ಕನಸೂ ಕೂಡಿದ ಜಾಗ ಕನ್ನಂಬಾಡಿ.

ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಉತ್ಪಾದನೆ ನಡೆದಿತ್ತು, ಅದು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಇನ್ನೊಂದು ಕಡೆ ಮಂಡ್ಯದ ಸುತ್ತಲಿನ ಭೂಮಿ ಮಳೆಯನ್ನೇ ನಂಬಿ ರಾಗಿ ಬೆಳೆದು ಬರಕ್ಕೆ ತುತ್ತಾಗುತ್ತಿತ್ತು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟಿದರೆ ಎರಡು ಕಷ್ಟಕ್ಕೂ ಪರಿಹಾರ ದೊರೆಯುತ್ತದೆ ಎಂಬುದು ಯೋಜನೆಯ ತಿರುಳು. ಸಂಸ್ಥಾನದ ಹಣಕಾಸು ಅಧಿಕಾರಿಗಳು ಮೊದಲಿಗೆ ಹಿಂಜರಿದರು. ಅಷ್ಟು ದೊಡ್ಡ ಸಾಲ, ಅಷ್ಟು ದೊಡ್ಡ ಕಟ್ಟೆ ಚಿಕ್ಕ ಸಂಸ್ಥಾನದ ಕೈಗೆಟುಕದು ಎಂಬುದು ಅವರ ಅಳುಕು. ದಿವಾನ್ ಆನಂದರಾಯರನ್ನೂ ಮಹಾರಾಜರನ್ನೂ ವಿಶ್ವೇಶ್ವರಯ್ಯ ಮನವೊಲಿಸಿದರು. 1911ರಲ್ಲಿ 81 ಲಕ್ಷ ರೂಪಾಯಿ ವೆಚ್ಚಕ್ಕೆ ಒಪ್ಪಿಗೆ ಸಿಕ್ಕಿತು, ಅದೇ ವರ್ಷ ಕೆಲಸ ಆರಂಭವಾಯಿತು.

ಅಡ್ಡಿ ಬಂದದ್ದು ಕೆಳಹರಿವಿನಿಂದ. ಮದರಾಸು ಸರ್ಕಾರ ಆಕ್ಷೇಪ ಎತ್ತಿತು. ನಲವತ್ತೊಂದೂವರೆ ಟಿಎಂಸಿ ಸಂಗ್ರಹದ ಜಲಾಶಯ ಕೇಳಿದ್ದ ಮೈಸೂರಿಗೆ ಹನ್ನೊಂದು ಟಿಎಂಸಿಯ ಕಟ್ಟೆಗಷ್ಟೇ ಅನುಮತಿ ದೊರೆಯಿತು. ವಿಶ್ವೇಶ್ವರಯ್ಯ ಕಟ್ಟೆಯ ಬುನಾದಿಯನ್ನು ಮಾತ್ರ ಮೊದಲು ಯೋಚಿಸಿದ್ದ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಇಂದು ಇಷ್ಟು, ನಾಳೆ ಅಷ್ಟು ಎಂಬ ದೂರದೃಷ್ಟಿ ಮೈಸೂರಿಗೆ ವರವಾಯಿತು. ಮದರಾಸಿನ ಕಣ್ಣಿಗೆ ಅದು ಅನುಮತಿಯನ್ನು ಮೀರುವ ಹುನ್ನಾರವಾಗಿ ಕಂಡಿತು. 1914ರಲ್ಲಿ ಗ್ರಿಫಿನ್ ಪಂಚಾಯಿತಿಯ ತೀರ್ಪು ಬಂದಿತು, ಅದನ್ನು ಪ್ರಶ್ನಿಸಲಾಯಿತು, ಕೊನೆಗೆ 1924ರ ಫೆಬ್ರವರಿಯಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಬಂದವು. ಕಾವೇರಿ ವಿವಾದದ ಬೇರುಗಳು ಈ ಬುನಾದಿಯ ಕಲ್ಲುಗಳ ನಡುವೆಯೇ ಇವೆ.

ದೇಶದಲ್ಲಿ ಸಿಮೆಂಟ್ ಸುಲಭವಾಗಿ ಸಿಗದ ಕಾಲವದು. ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದಲೇ ಕಟ್ಟೆ ಎದ್ದಿತು. ಸಾವಿರಾರು ಕೂಲಿಕಾರರು ಮಲೇರಿಯಾ ಲೆಕ್ಕಿಸದೆ ದುಡಿದರು. ಇಪ್ಪತ್ತು ವರ್ಷಗಳ ಬಳಿಕ, 1930ರ ದಶಕದ ಆರಂಭದಲ್ಲಿ ಕೃಷ್ಣರಾಜಸಾಗರ ಪೂರ್ಣಗೊಂಡಾಗ ದಿವಾನರ ಪೀಠದಲ್ಲಿ ಮಿರ್ಜಾ ಇಸ್ಮಾಯಿಲ್ ಇದ್ದರು. ಮೊದಲಿಗೆ ಇರ್ವಿನ್ ಹೆಸರು ಹೊತ್ತಿದ್ದ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎನಿಸಿತು. ಮಂಡ್ಯದ ಬಯಲಿಗೆ ಭತ್ತ, ಕಬ್ಬು ಬಂದವು, ಸಕ್ಕರೆ ಕಾರ್ಖಾನೆ ಬಂದಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು.

ಈ ಹಸಿರಿನ ಬೆಲೆ ತೆತ್ತವರೂ ಇದ್ದಾರೆ. ಕನ್ನಂಬಾಡಿಯ ಹಳೆಯ ಊರು ಮತ್ತು ಸುತ್ತಲಿನ ಹಳ್ಳಿಗಳು ನೀರಿನಡಿ ಸೇರಿದವು. ಊರಿನ ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ಮುಳುಗಿ, ಬರಗಾಲ ಬಂದಾಗ ಮಾತ್ರ ನೆತ್ತಿ ತೋರಿಸುತ್ತಿತ್ತು. ಅದನ್ನು ಹೊಸ ಕನ್ನಂಬಾಡಿಯ ಬಳಿ ಮರಳಿ ಕಟ್ಟಿದ್ದು ಈ ಶತಮಾನದಲ್ಲಿ. ಜಲಾಶಯದ ಕಟ್ಟೆಗೆ ಅರಸರ ಹೆಸರು, ನಾಲೆಗೆ ಎಂಜಿನಿಯರನ ಹೆಸರು ದೊರೆಯಿತು. ಮನೆ ಬಿಟ್ಟು ಹೋದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ದಿವಾನರ ಆರು ವರ್ಷ

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದರು. ಪದಗ್ರಹಣಕ್ಕೆ ಮುನ್ನ ಬಂಧುಬಳಗವನ್ನು ಊಟಕ್ಕೆ ಕರೆದು, ಯಾರೂ ತಮ್ಮಿಂದ ಸಹಾಯ ಅಪೇಕ್ಷಿಸಬಾರದೆಂದು ಮಾತು ತೆಗೆದುಕೊಂಡರೆಂಬ ಕಥೆ ಜನಜನಿತ. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂದು ಎರಡು ಮೇಣದಬತ್ತಿ ಇಟ್ಟುಕೊಳ್ಳುತ್ತಿದ್ದರೆಂಬ ಕಥೆಯೂ ಮನೆಮನೆಯಲ್ಲಿ ಉಂಟು. ಕಥೆಗಳ ಸತ್ಯಾಸತ್ಯ ಹೇಗೇ ಇರಲಿ, ಅಂಥ ಕಥೆಗಳು ಅವರ ಸುತ್ತಲೇ ಹುಟ್ಟಿಕೊಂಡವೆಂಬುದು ಗಮನಾರ್ಹ.

ಕಥೆಗಳಿಗಿಂತ ಗಟ್ಟಿಯಾದ ಸಾಕ್ಷಿ ಆ ಆರು ವರ್ಷಗಳಲ್ಲಿ ಹುಟ್ಟಿದ ಸಂಸ್ಥೆಗಳದು. 1913ರಲ್ಲಿ ಮೈಸೂರು ಬ್ಯಾಂಕ್ ಬಂದಿತು; ಅದು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿದ ಶಾಸನ ಹೊರಟಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಜನಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾನಿಲಯ ಕಟ್ಟಿಕೊಂಡದ್ದು ಅದೇ ಮೊದಲು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದು ಅದಕ್ಕೆ ಅವರದೇ ಹೆಸರಿದೆ.

ಶ್ರೀಗಂಧದ ಕಥೆ ಅವರ ಕಾರ್ಯವೈಖರಿಗೆ ಒಳ್ಳೆಯ ಉದಾಹರಣೆ. ಮೈಸೂರಿನ ಗಂಧದ ಮರ ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಆ ವ್ಯಾಪಾರ ನಿಂತು ಮರದ ರಾಶಿ ಗೋದಾಮುಗಳಲ್ಲಿ ಉಳಿಯಿತು. ಮರ ಮಾರುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯಬಾರದೇಕೆ ಎಂಬ ಯೋಚನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳ ನೆರವು ಕೂಡಿತು. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, ಅದರ ಬೆನ್ನಿಗೇ ಸಾಬೂನು ಕಾರ್ಖಾನೆ ಬಂದಿತು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳದ ಹಿಂದಿರುವುದು ಯುದ್ಧಕಾಲದ ಒಂದು ಸಂಕಟ.

ಮಲೆನಾಡಿನ ಕಾಡು, ಬಾಬಾಬುಡನ್‌ಗಿರಿಯ ಅದಿರು ಬಳಸಿ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯುವ ಯೋಜನೆಗೂ ಅಡಿಪಾಯ ಬಿದ್ದದ್ದು ಆಗಲೇ. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲು ಹಾದಿ ತೆರೆದದ್ದೂ ಅವರ ದಿವಾನಗಿರಿಯ ಕೊನೆಯ ವರ್ಷಗಳಲ್ಲಿ.

ಪೀಠ ಬಿಟ್ಟ ಗಳಿಗೆ

ಇಂಥ ದಿವಾನರು ಆರೇ ವರ್ಷಕ್ಕೆ ಪೀಠ ತೊರೆದರು. ಕಾರಣ ಅಣೆಕಟ್ಟೂ ಅಲ್ಲ, ಹಣವೂ ಅಲ್ಲ. ಸರ್ಕಾರಿ ನೌಕರಿಗಳಲ್ಲಿ ಯಾರಿಗೆಷ್ಟು ಪಾಲು ಎಂಬ ಪ್ರಶ್ನೆ.

ಅಂದಿನ ಮೈಸೂರಿನಲ್ಲಿ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಒಕ್ಕಲಿಗ, ಲಿಂಗಾಯತ ಮೊದಲಾದ ಸಮುದಾಯಗಳ ಮುಖಂಡರು ಮುಸ್ಲಿಮರೊಡನೆ ಕೂಡಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು, ಮಹಾರಾಜರಿಗೆ ಅಹವಾಲು ಸಲ್ಲಿಸಿದರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ನೇಮಕದ ಅಳತೆಗೋಲಾಗಬೇಕು, ಹಿಂದುಳಿದವರಿಗೆ ಶಿಕ್ಷಣದ ಮೂಲಕ ಬಲ ತುಂಬಬೇಕು, ಪಾಲು ನಿಗದಿಪಡಿಸಿದರೆ ಆಡಳಿತದ ದಕ್ಷತೆ ಕುಂದುತ್ತದೆ ಎಂಬುದು ಅವರ ನಿಲುವು. ಅಧಿಕಾರದಲ್ಲಿ ಪಾಲು ಸಿಗದೆ ಶಿಕ್ಷಣದ ಫಲ ಕೈಗೆ ಬರುವುದಿಲ್ಲ, ತಲೆಮಾರುಗಳ ಕಾಲ ಕಾಯಲಾಗುವುದಿಲ್ಲ ಎಂಬುದು ಎದುರು ಪಕ್ಷದ ವಾದ.

ಮಹಾರಾಜರು ಸಮಿತಿಯ ದಾರಿಯಲ್ಲೇ ಮುಂದುವರಿದರು. ದಿವಾನರು 1918ರ ಕೊನೆಯಲ್ಲಿ ರಜೆಯ ಮೇಲೆ ತೆರಳಿ ಪೀಠದಿಂದ ಸರಿದರು. ಅವರ ನಂತರ ಎಂ. ಕಾಂತರಾಜೇ ಅರಸ್ ದಿವಾನರಾದರು. 1919ರಲ್ಲಿ ಬಂದ ಮಿಲ್ಲರ್ ವರದಿ ಮೀಸಲಾತಿಯ ಇತಿಹಾಸದಲ್ಲಿ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಗಣನೆಗೆ ಬಂದಿದೆ. ನಾಲ್ವಡಿಯವರ ಹೆಸರನ್ನು ಸಾಮಾಜಿಕ ನ್ಯಾಯದ ಚರ್ಚೆಯಲ್ಲಿ ಗೌರವದಿಂದ ನೆನೆಯಲು ಆ ನಿರ್ಧಾರವೇ ಮುಖ್ಯ ಕಾರಣ. ವಿಶ್ವೇಶ್ವರಯ್ಯನವರ ಮೇಲಿನ ಟೀಕೆಗೂ ಅದೇ ಮೂಲ. ಶಾಲೆ, ವಿಶ್ವವಿದ್ಯಾನಿಲಯ ಕಟ್ಟಿ ಎಲ್ಲರಿಗೂ ಬಾಗಿಲು ತೆರೆದವರು, ಆ ಬಾಗಿಲಿನಿಂದ ಹೊರಬಂದವರಿಗೆ ಕಚೇರಿಯಲ್ಲಿ ಕುರ್ಚಿ ಕಾದಿರಿಸಲು ಒಪ್ಪಲಿಲ್ಲ. ಒಂದು ಮಾತು ನಿಜ: ತಾನು ಒಪ್ಪದ ನೀತಿಯ ಮೇಲೆ ಕೂತು ಅಧಿಕಾರ ಅನುಭವಿಸುವ ಬದಲು ಅವರು ಎದ್ದು ಹೊರನಡೆದರು. ಶತಮಾನ ಕಳೆದರೂ ಆ ಚರ್ಚೆ ಮುಗಿದಿಲ್ಲ.

ಭದ್ರಾವತಿಯ ಕಬ್ಬಿಣ

ಪೀಠ ಬಿಟ್ಟರೂ ನಾಡಿನ ನಂಟು ಬಿಡಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಬೀಡು ಕಬ್ಬಿಣದ ಬೆಲೆ ಕುಸಿದಿತ್ತು, ನಷ್ಟ ಏರುತ್ತಿತ್ತು. ಮಹಾರಾಜರ ಕೋರಿಕೆಯಂತೆ ಅವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅದನ್ನು ನಿಲ್ಲಿಸಿದರು. ಆ ಸೇವೆಗಾಗಿ ಬಂದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹುಟ್ಟಿಗೆ ಆ ಹಣವೇ ಬೀಜ.

ಕೈಮಗ್ಗ, ಗ್ರಾಮೋದ್ಯೋಗಗಳೇ ದೇಶದ ಬಲವೆಂದು ಗಾಂಧೀಜಿ ನಂಬಿದ್ದ ದಿನಗಳಲ್ಲಿ ವಿಶ್ವೇಶ್ವರಯ್ಯ ಬೃಹತ್ ಉದ್ಯಮದ ಪರ ನಿಂತರು. 1934ರಲ್ಲಿ ಹೊರಬಂದ ಅವರ ಯೋಜಿತ ಅರ್ಥವ್ಯವಸ್ಥೆಯ ಗ್ರಂಥ ಹತ್ತು ವರ್ಷಗಳ ರಾಷ್ಟ್ರೀಯ ಯೋಜನೆಯೊಂದನ್ನು ಮುಂದಿಟ್ಟಿತು. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು ಅದಾದ ಹದಿನೇಳು ವರ್ಷಗಳ ಬಳಿಕ. ದೇಶದಲ್ಲೇ ಮೋಟಾರು ಕಾರು ತಯಾರಿಸಬೇಕೆಂದು 1930ರ ದಶಕದಲ್ಲೇ ಅವರು ಯುರೋಪ್, ಅಮೆರಿಕ ಸುತ್ತಿ ಬಂದರು. ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾಗಿ ದಶಕಗಳ ಕಾಲ ದುಡಿದರು. ಒರಿಸ್ಸಾದ ಪ್ರವಾಹಗಳ ಬಗ್ಗೆ ವರದಿ ಕೊಟ್ಟರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗೆಯ ಮೇಲೆ ಸೇತುವೆ ಎಲ್ಲಿ ಕಟ್ಟಬೇಕೆಂದು ಪರಿಶೀಲಿಸಿ ಸಲಹೆ ನೀಡಿದರು. ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. 1951ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೂ ದುಡಿಮೆಯ ಬದುಕು ಎಂಬ ಅರ್ಥವೇ ಇದೆ. ಆ ಪುಸ್ತಕದಲ್ಲಿ ಮನೆಯ ಮಾತು ಕಡಿಮೆ, ಕೆಲಸದ ಮಾತೇ ಹೆಚ್ಚು.

1955ರಲ್ಲಿ ಭಾರತರತ್ನ ಬಂದಿತು. ಆ ವರ್ಷ ಅವರೊಂದಿಗೆ ಆ ಗೌರವ ಪಡೆದವರು ಡಾ. ಭಗವಾನ್ ದಾಸ್ ಮತ್ತು ಜವಾಹರಲಾಲ್ ನೆಹರು. ಐದು ವರ್ಷಗಳ ಬಳಿಕ ಅಂಚೆಚೀಟಿ. 1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅಂತ್ಯಕ್ರಿಯೆ ನಡೆದದ್ದು ಮುದ್ದೇನಹಳ್ಳಿಯಲ್ಲಿ. ಅಲ್ಲಿ ಅವರ ಸಮಾಧಿಯೂ ಮನೆಯೂ ಈಗ ನೋಡುಗರಿಗೆ ತೆರೆದಿವೆ. ಸೆಪ್ಟೆಂಬರ್ 15ನ್ನು ದೇಶ 1968ರಿಂದ ಎಂಜಿನಿಯರ್‌ಗಳ ದಿನವಾಗಿ ಆಚರಿಸುತ್ತಿದೆ.

ತುಮಕೂರಿಗೆ ಹರಿದ ಎಳೆ

ಅಂಚೆ ಎಂಬ ಪದಕ್ಕೇ ಮೈಸೂರಿನೊಡನೆ ಹಳೆಯ ನಂಟಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ತನ್ನದೇ ಅಂಚೆಯನ್ನು ಬಿಟ್ಟುಕೊಟ್ಟ ಸಂಸ್ಥಾನದ ದಿವಾನರೊಬ್ಬರು ಎಪ್ಪತ್ತು ವರ್ಷಗಳ ಬಳಿಕ ಸ್ವತಂತ್ರ ಭಾರತದ ಅಂಚೆಚೀಟಿಯಲ್ಲಿ ಮೂಡಿದರು.

ಆ ಚಿತ್ರದ ಹಿಂದಿನ ಬದುಕು ಹಳೆಯ ಮೈಸೂರಿನ ಊರುಗಳಲ್ಲಿ ಇನ್ನೂ ಹರಿಯುತ್ತಿದೆ. ತುಮಕೂರಿನ ಶೆಟ್ಟಿಹಳ್ಳಿಯಂಥ ಬಡಾವಣೆಗಳಿಂದ ಎಂಜಿನಿಯರಿಂಗ್ ಓದಲು ಹೊರಡುವ ಮಕ್ಕಳ ಪದವಿ ಪತ್ರದ ಮೇಲಿರುವುದು 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರು. 1963ರಲ್ಲಿ ಸ್ಥಾಪನೆಯಾದ ನಗರದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ಅದರ ವ್ಯಾಪ್ತಿಗೆ ಸೇರಿದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ನಾಲ್ವಡಿಯವರ ಕಾಲದಲ್ಲಿ ಕಟ್ಟಿದ ಜಲಾಶಯದಲ್ಲಿ, ನೀರು ಮಟ್ಟ ಮೀರಿದಾಗ ತಾನಾಗಿಯೇ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. ಖಡಕ್‌ವಾಸ್ಲಾದಲ್ಲಿ ಮೊಳೆತ ಯೋಚನೆಯನ್ನು ಮೈಸೂರಿನ ಎಂಜಿನಿಯರುಗಳು ತಮ್ಮದೇ ರೀತಿಯಲ್ಲಿ ಮುಂದುವರಿಸಿದ್ದಕ್ಕೆ ಅದು ನಿದರ್ಶನ.

ವಿವಾದವೂ ಹಾಗೆಯೇ ಹರಿದುಬಂದಿದೆ. ತುಮಕೂರು, ಗುಬ್ಬಿ, ಕುಣಿಗಲ್ ಭಾಗಕ್ಕೆ ನಾಲೆಯಲ್ಲಿ ಬರುವ ಹೇಮಾವತಿ, ಹಾಗೆ ಬಾರದಿದ್ದರೆ ಕೃಷ್ಣರಾಜಸಾಗರದ ಹಿನ್ನೀರು ಸೇರುವ ನದಿ. ಕುಣಿಗಲ್‌ಗೆ ನೀರೊಯ್ಯುವ ಲಿಂಕ್ ಕಾಲುವೆಯ ವಿಚಾರದಲ್ಲಿ 2024 ಮತ್ತು 2025ರಲ್ಲಿ ಜಿಲ್ಲೆಯೊಳಗೇ ಹೋರಾಟ ನಡೆಯಿತು. ಕಾಲುವೆಯ ತಲೆಯಲ್ಲಿರುವವರಿಗೂ ಬಾಲದಲ್ಲಿರುವವರಿಗೂ ನೀರು ಹಂಚುವುದು ಹೇಗೆ ಎಂಬುದು 1899ರಲ್ಲಿ ಪುಣೆಯ ಕಾಲುವೆಗಳ ದಂಡೆಯಲ್ಲಿ ಎದ್ದ ಪ್ರಶ್ನೆಯೇ. ಭದ್ರಾವತಿಯ ಸ್ಥಿತಿಯೂ ಚಿಂತೆಗೆ ಕಾರಣವಾಗಿದೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತು 1989ರಲ್ಲಿ ಸೈಲ್ ತೆಕ್ಕೆಗೆ ಹೋದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಪ್ರಕಟವಾಯಿತು. ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಒಂದು ಭಾಗದ ಕೆಲಸವಷ್ಟೇ ಮರಳಿ ಶುರುವಾಯಿತು.

ಅಂಚೆಚೀಟಿಗೆ ಮುದ್ರೆ ಬಿದ್ದ ಮೇಲೆ ಅದರ ಬೆಲೆ ಮುಗಿಯಿತು. ಸಂಗ್ರಾಹಕರ ಆಲ್ಬಂನಲ್ಲಿ ಮಾತ್ರ ಅದಕ್ಕೆ ಎರಡನೆಯ ಬದುಕು. ವಿಶ್ವೇಶ್ವರಯ್ಯನವರ ಕೆಲಸ ಹಾಗಲ್ಲ. ಕಟ್ಟೆಗೆ ಕಾಲಕಾಲಕ್ಕೆ ದುರಸ್ತಿ ಬೇಕು, ಕಾಲುವೆಗೆ ಹೂಳು ತೆಗೆಯಬೇಕು, ಸಂಸ್ಥೆಗೆ ನಿಷ್ಠರಾದ ಜನ ಬೇಕು. ಅವರು ಬಗೆಹರಿಸಿದ ಸಮಸ್ಯೆಗಳನ್ನು ನಾಡು ಅನುಭವಿಸುತ್ತಿದೆ. ಬಗೆಹರಿಸದೆ ಬಿಟ್ಟ ಪ್ರಶ್ನೆಗಳನ್ನು ಹೊತ್ತು ನಡೆಯುತ್ತಿದೆ. ಹದಿನೈದು ನಯಾಪೈಸೆಯ ಆ ಚೀಟಿಯನ್ನು ಇಂದು ಕೈಗೆತ್ತಿಕೊಂಡವರು ಇವೆರಡನ್ನೂ ನೆನೆದರೆ ಅದು ತಕ್ಕ ಗೌರವ.